ಬೇಕು ಎಂಬ ಒಂದು ಸಾಲು

ಟ್ರ್ಯಾಮಿನಲ್ಲಿ ಪಕ್ಕದ ಸೀಟಿನ ಹೆಂಗಸು ಎದ್ದು ಹೋಗಿ ಬಾಗಿಲ ಬಳಿ ನಿಂತುಕೊಂಡದ್ದು ಚೀಸಿನ ವಾಸನೆಗೋ ತನ್ನ ಮುಖಕ್ಕೋ ಎಂದು ಒತಾಕರನಿಗೆ ತೀರ್ಮಾನಿಸಲಾಗಲಿಲ್ಲ. ಮುಖವೂ ಹೇಳಿಕೊಳ್ಳುವಂತಿರಲಿಲ್ಲ, ಗುರುವಾರದಿಂದ ಊಟ ಸೇರಿರಲಿಲ್ಲ, ಗಡ್ಡ ಬೋಳಿಸಿರಲಿಲ್ಲ. ಆದರೂ ತೊಡೆಯ ಮೇಲಿನ ಪೊಟ್ಟಣವನ್ನು ಬಿಟ್ಟು ಮುಖವನ್ನು ದೂರುವುದು ಅನ್ಯಾಯ. ಒಲೊಮೌತ್ಸ್ ಊರಿನ ಆ ಹಳದಿ ಚೀಸು ಮೂರು ಪದರ ಕಾಗದ, ಎರಡು ಪ್ಲಾಸ್ಟಿಕ್ ಚೀಲಗಳ ಒಳಗಿಂದಲೂ ತಾನು ಬಂದಿದ್ದೇನೆಂದು ಇಡೀ ಬೋಗಿಗೆ ಸಾರುತ್ತಿತ್ತು. ಬೆಳಿಗ್ಗೆ ಯಾರ್ಮಿಲಾ ಅದನ್ನು ಫ್ರಿಜ್ಜಿನಿಂದ ಎರಡು ಬೆರಳಲ್ಲಿ ಎತ್ತಿ ಕೊಟ್ಟಿದ್ದಳು. ಇಪ್ಪತ್ತಮೂರು ವರ್ಷ ಸಂಸಾರ ಮಾಡಿದ ಹೆಂಡತಿ. ಗಂಡನನ್ನೂ ಎರಡು ಬೆರಳಲ್ಲೇ ಎತ್ತಿಡುವ ಅಭ್ಯಾಸ ಅವಳಿಗಿತ್ತು. “ಇವತ್ತು ಹೇಳ್ಬಿಡ್ತೀಯೋ, ಇಲ್ಲ ಚೀಸ್ ಕೊಟ್ಟು ಓಡಿ ಬರ್ತೀಯೋ?” ಎಂದಳು. “ಹೇಳ್ತೀನಿ.” “ಏನಂತ? ನನ್ನ ಮುಂದೆ ಒಂದ್ಸಲ ಹೇಳಿ ತೋರ್ಸು.” ಅವನು ಬಾಯಿ ತೆರೆದ, ಮುಚ್ಚಿದ. “ನೋಡು, ನನಗೇ ಹೇಳಕ್ಕಾಗ್ತಿಲ್ಲ,” ಎಂದು ಅವಳು ಅವನ ಕೋಟಿನ ಕಾಲರು ಸರಿಮಾಡಿದಳು. “ಹೋಗು. ಆ ಮುದುಕ ನಿನ್ನನ್ನೇನೂ ತಿನ್ನಲ್ಲ. ಈ ಚೀಸ್ ತಿನ್ನೋ ನಾಲಿಗೆಗೆ ನೀನೆಲ್ಲಿ ರುಚಿಸ್ತೀಯ.” ಟ್ರ್ಯಾಮು ತಿರುವಿನಲ್ಲಿ ಕಿರುಗುಟ್ಟಿತು. ಮೇಷ್ಟ್ರೇ, ನಿಮಗೊಂದು ವಿಷಯ ಹೇಳಬೇಕಿತ್ತು ಎಂದು ಒತಾಕರ ಬಾಯೊಳಗೇ ಅಭ್ಯಾಸ ಮಾಡಿದ. ಅಲ್ಲಿಂದ ಮುಂದಿನ ವಾಕ್ಯ ಬರಲೇ ಇಲ್ಲ.

ವಿಷಯ ಹೇಳಲು ಕಷ್ಟವಾಗುವಷ್ಟು ಚಿಕ್ಕದಾಗಿತ್ತು. ಹಗಲೆಲ್ಲ ನೀರು ಸರಬರಾಜಿನ ಕಚೇರಿಯಲ್ಲಿ ಕೊಳವೆಗಳ ನಕ್ಷೆ ತಿದ್ದುವ ಒತಾಕರ, ಬಿಡುವಿನಲ್ಲಿ ಜಾವೊರ್ ಎಂಬ ಲಿನಕ್ಸ್ ವಿತರಣೆಯನ್ನು, ಅಂದರೆ ಕಂಪ್ಯೂಟರನ್ನು ನಡೆಸುವ ಪುಕ್ಕಟೆ ಪ್ರೋಗ್ರಾಮುಗಳ ಒಂದು ಕಟ್ಟನ್ನು, ನೋಡಿಕೊಳ್ಳುವ ಅರವತ್ತು ಚಿಲ್ಲರೆ ಜನರಲ್ಲಿ ಒಬ್ಬ. ಪ್ರಪಂಚದಲ್ಲಿ ಇಂಥ ವಿತರಣೆಗಳು ನೂರಾರಿವೆ. ಒಂದೊಂದನ್ನು ನಡೆಸುವವರೂ ಉಳಿದವನ್ನು ನಡೆಸುವವರನ್ನು ಸ್ವಲ್ಪ ಪೆದ್ದರೆಂದೇ ತಿಳಿದಿರುತ್ತಾರೆ. ಕಂಪ್ಯೂಟರ್ ಏಳುವಾಗ ಮೊದಲು ಕಣ್ಣು ಬಿಡುವುದು ಅದರ ತಿರುಳಾದ ಕರ್ನಲ್. ಆದರೆ ಡಿಸ್ಕ್ ಎಲ್ಲಿದೆ, ಕೀಬೋರ್ಡ್ ಯಾವುದು ಎಂಬುದು ಅದಕ್ಕೆ ತಿಳಿಯದು. ಅದನ್ನು ಬಲ್ಲವು ಮಾಡ್ಯೂಲ್ ಎಂಬ ಸಣ್ಣ ಸಣ್ಣ ತುಣುಕುಗಳು. ಅವನ್ನು ಹುಡುಕಿ, ಯಾವುದಕ್ಕೆ ಮೊದಲು ಯಾವುದು ಬೇಕೆಂದು ನೋಡಿ, ಎತ್ತಿ ತಂದು ಕರ್ನಲಿಗೆ ಒಪ್ಪಿಸುವ ಸಲಕರಣೆಯ ಪ್ಯಾಕೇಜು ಹದಿನಾಲ್ಕು ವರ್ಷದಿಂದ ಒತಾಕರನ ಕೈಯಲ್ಲಿತ್ತು. ಪ್ರತಿ ಪ್ಯಾಕೇಜಿಗೂ ಒಂದು ಚೀಟಿ, ಚೀಟಿಯಲ್ಲಿ ‘ಬೇಕು’ ಎಂಬ ಸಾಲುಗಳು: ಇದನ್ನು ಯಂತ್ರಕ್ಕೆ ಹಾಕುವುದಾದರೆ ಅದೂ ಬೇಕು, ಅದನ್ನು ಹಾಕುವುದಾದರೆ ಮತ್ತೊಂದೂ ಬೇಕು. ಜಾವೊರ್‌ನ ನಿಯಮವೂ ಸರಳ. ಸತತ ಮೂರು ಆವೃತ್ತಿಗಳಲ್ಲಿ ಯಾವ ಚೀಟಿಯೂ ‘ಬೇಕು’ ಎನ್ನದ, ಯಾರೂ ಕೇಳದ ಪ್ಯಾಕೇಜನ್ನು ಹೊರಗೆ ಹಾಕುವುದು. ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಒತಾಕರ ತನ್ನ ಚೀಟಿಯಲ್ಲಿ ಒಂದು ಸುಳ್ಳು ಸಾಲು ಬರೆದಿದ್ದ. ಬೇಕು: ಹಾಜರಿ.

ಹಾಜರಿ ಯಾರಿಗೂ ಬೇಕಿರಲಿಲ್ಲ. ಅದು ಶೆಬೆಸ್ತಾ ಮೇಷ್ಟ್ರ ಪ್ರೋಗ್ರಾಂ. ಪ್ರೌಢಶಾಲೆಯಲ್ಲಿ ಒತಾಕರನಿಗೆ ಗಣಿತ ಹೇಳಿದ ಮೇಷ್ಟ್ರು ನಿವೃತ್ತರಾದ ಮೇಲೆ ಹಟ ಹಿಡಿದು ಪ್ರೋಗ್ರಾಂ ಬರೆಯುವುದನ್ನು ಕಲಿತು, ಎರಡು ವರ್ಷ ತಿಣುಕಿ ಹೆತ್ತ ಒಂದೇ ಕೂಸು. ಓಡಿಸಿದರೆ ಯಂತ್ರದ ಮಾಡ್ಯೂಲುಗಳನ್ನೆಲ್ಲ ತರಗತಿಯ ಹಾಗೆ ಸಾಲಾಗಿ ನಿಲ್ಲಿಸಿ ಹೆಸರು ಕೂಗುತ್ತಿತ್ತು: ಡಿಸ್ಕ್, ಹಾಜರ್. ಧ್ವನಿ, ಹಾಜರ್. ಪ್ರಿಂಟರ್, ಗೈರು, ಕಾರಣದ ಚೀಟಿ ತಂದಿಲ್ಲ. ಇದನ್ನೇ ಹೇಳುವ ಬೇರೆ ಆಜ್ಞೆಗಳು ಮೂರಿದ್ದವು, ಮೂರೂ ಬೇಗ ಹೇಳುತ್ತಿದ್ದವು. ಮೂರು ಆವೃತ್ತಿ ಕಳೆದು ಹಾಜರಿಯನ್ನು ಹೊರಗೆ ಹಾಕುವ ಪಟ್ಟಿಗೆ ಏರಿಸಿದ ವಾರ ಮೇಷ್ಟ್ರು ಫೋನು ಮಾಡಿ, “ಏನೋ ಒತಾ, ನನ್ನನ್ನ ಡಿಬಾರ್ ಮಾಡ್ತಿದಾರಂತಲ್ಲೋ,” ಎಂದು ನಕ್ಕಿದ್ದರು. ನಗು ಅರ್ಧಕ್ಕೇ ನಿಂತಿತ್ತು. ಆ ಅರ್ಧ ನಗು ತಡೆಯಲಾರದೆ ಅವನು ಸಾಲು ಬರೆದ. ಅಂದಿನಿಂದ ಜಾವೊರ್ ಹಾಕಿದ ಪ್ರತಿ ಯಂತ್ರಕ್ಕೂ, ಲಿಸ್ಬನ್ನಿನ ಗ್ರಂಥಾಲಯದ್ದಕ್ಕೂ ಲಾಟ್ವಿಯಾದ ಹಾಲಿನ ಡೇರಿಯದ್ದಕ್ಕೂ, ಯಾರೂ ಕರೆಯದ ಹಾಜರಿ ಹೋಗಿ ಮೂಲೆ ಹಿಡಿದು ಕುಳಿತಿತು. “ನಲವತ್ತು ಸಾವಿರ ಕಂಪ್ಯೂಟರಿನಲ್ಲಿ ನನ್ನ ಹಾಜರಿ ಪುಸ್ತಕ ಇದೆ,” ಎಂದು ಮೇಷ್ಟ್ರು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಬಾಯಲ್ಲಿ ಹತ್ತಿ ಇದ್ದಾಗಲೂ, ಹೇಳಿದರಂತೆ. ಕೇಳಿದಾಗಲೆಲ್ಲ ಒತಾಕರ ತುಟಿ ಕಚ್ಚಿ ನಗು ನುಂಗಿದ್ದ. ನಿಜ ಹೇಳಬೇಕೆಂದರೆ ಅದು ನಗು ಮಾತ್ರವಾಗಿರಲಿಲ್ಲ. ಕಚೇರಿಯಲ್ಲಿ ಬೈಸಿಕೊಂಡ ದಿನ, ಯಾರ್ಮಿಲಾಳ ತಂಗಿಯ ಗಂಡ ತನ್ನ ಹೊಸ ಕಾರು ತೋರಿಸಿದ ದಿನ, ಅವನು ಒಳಗೊಳಗೇ ಆ ಸಾಲನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ನಾನೇನೂ ದೊಡ್ಡವನಲ್ಲ, ಆದರೆ ಒಬ್ಬ ಮುದುಕನ ಮಾನ ನನ್ನ ಒಂದು ಸಾಲಿನ ಮೇಲೆ ನಿಂತಿದೆ. ಹಾಗೆಂದುಕೊಂಡಾಗ ಅವನಿಗೆ ತನ್ನ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಗುರುವಾರ ಬಲ್ಗೇರಿಯಾದ ರಾಲಿಟ್ಸಾ ಕಾಗದ ಬರೆದಳು. ವರ್ಷದ ಹಿಂದೆ ಜಾವೊರ್ ಬಳಗಕ್ಕೆ ಸೇರಿದವಳು. ಚೀಟಿಗಳ ಕಸ ಗುಡಿಸುವುದೇ ಅವಳ ಸಂತೋಷ. ಎಲ್ಲರೂ ಓದುವ ಇಮೇಲ್ ಪತ್ರಬಳಗದಲ್ಲೇ ಕೇಳಿದ್ದಳು: “ಒತಾಕರ್, ನಿಮ್ಮ ಚೀಟಿಯಲ್ಲಿ ಹಾಜರಿ ಅಂತ ಒಂದು ಸಾಲಿದೆ. ನಿಮ್ಮ ಸಲಕರಣೆ ಅದನ್ನು ಎಲ್ಲೂ ಕರೆಯೋದಿಲ್ಲ. ನಾಲ್ಕು ಸಲ ಹುಡುಕಿದೆ. ಇದು ಯಾರ ಪ್ರೇಮ ಪ್ರಸಂಗ?” ಅವನ ಕಿವಿ ಬಿಸಿಯಾಯಿತು. ಕಚೇರಿಯಲ್ಲಿ ಕೊಳವೆಯ ನಕ್ಷೆಯ ಮರೆಯಲ್ಲಿ ಮೂರು ಉತ್ತರ ಬರೆದು ಅಳಿಸಿದ. ನಿಜ ಹೇಳಿದರೆ ಅರವತ್ತು ಜನರ ಮುಂದೆ ಹನ್ನೊಂದು ವರ್ಷದ ಸುಳ್ಳುಗಾರನಾಗಬೇಕು. ಬೇಕೇ ಬೇಕು ಎಂದು ವಾದಿಸಿದರೆ ಅವಳು ಐದನೇ ಸಲ ಹುಡುಕುತ್ತಾಳೆ. ನಾಲ್ಕನೆಯ ಉತ್ತರ ಕಳಿಸಿದ: “ಹಳೇ ಕಾಲದ ಉಳಿಕೆ ಅಷ್ಟೆ. ತೆಗೆದುಬಿಡು. ನನ್ನ ಯಂತ್ರದಲ್ಲಿ ತೆಗೆದು ನೋಡಿದೆ, ಏನೂ ಆಗಲ್ಲ.” ತೆಗೆದು ನೋಡಿದ್ದೂ ಹೌದು, ಏನೂ ಆಗದಿದ್ದದ್ದೂ ಹೌದು. ಅವಳು ಸಾಲು ಕಿತ್ತಳು; ಶುಕ್ರವಾರ ಬೆಳಿಗ್ಗೆ ಹೊಸ ಆವೃತ್ತಿ ಹೊರಬಿತ್ತು. ಮಧ್ಯಾಹ್ನ ಮೇಷ್ಟ್ರ ಫೋನು. “ನಾಳೆ ತೋಟಕ್ಕೆ ಬಾರೋ. ಹೊಸದು ಬಂದಿದೆಯಂತೆ, ಹಾಕೋಣ. ಬರ್ತಾ ಚೀಸ್ ತಗೊಂಡು ಬಾ.” ಪತ್ರಬಳಗ ಓದುವುದನ್ನು ತಾನು ಬಿಟ್ಟು ಬಹಳ ದಿನವಾಯಿತೆಂದು ಮೇಷ್ಟ್ರು ಹಿಂದೊಮ್ಮೆ ಹೇಳಿದ್ದರಿಂದ ಅವನಿಗೆ ಅಷ್ಟು ಸಮಾಧಾನ. ಆದರೆ ಅವರದ್ದೊಂದು ವ್ರತವಿತ್ತು. ಜಗತ್ತೆಲ್ಲ ಹಳೆಯದರ ಮೇಲೆ ಹೊಸದನ್ನು ತೇಪೆ ಹಾಕಿಕೊಂಡು ಹೋದರೆ ಅವರು ಮಾತ್ರ ಪ್ರತಿ ಸಲ ಡಿಸ್ಕನ್ನು ಪೂರ್ತಿ ಒರೆಸಿ ಹೊಸದಾಗಿ ಹಾಕುವವರು, ಹಾಕಿದ ಕೂಡಲೇ ಮೊದಲ ಆಜ್ಞೆಯಾಗಿ ಹಾಜರಿ ಎಂದು ಹೊಡೆಯುವವರು. ಅಂಥ ಆಜ್ಞೆ ಇಲ್ಲ ಎಂದು ಯಂತ್ರ ಅವರ ಮುಖಕ್ಕೆ ಹೇಳುವ ಮೊದಲು ತಾನು ಹೇಳಿಬಿಡಬೇಕು. ಇಷ್ಟೇ. ಟ್ರ್ಯಾಮು ಕೊನೆಯ ನಿಲ್ದಾಣಕ್ಕೆ ಬಂದಾಗ ಬೋಗಿಯಲ್ಲಿ ಅವನು, ಚಾಲಕ, ಚೀಸು, ಮೂವರೇ ಉಳಿದಿದ್ದರು.

ಮೇಷ್ಟ್ರ ತೋಟ ರೈಲು ಹಳಿಯ ಆಚೆ, ಅಂಥದೇ ನಲವತ್ತು ತೋಟಗಳ ನಡುವೆ. ನಾಲ್ಕು ಸಾಲು ಈರುಳ್ಳಿ, ಒಂದು ಅಕ್ರೋಟಿನ ಮರ, ಹಲಗೆಯ ಒಂದು ಗುಡಿಸಲು. ಚೀಸನ್ನು ಮನೆಯೊಳಗೆ ತಂದರೆ ಗಂಡ ಹೊರಗೆ ಎಂದು ಮೇಷ್ಟ್ರ ಹೆಂಡತಿ ಎಂದೋ ತೀರ್ಪು ಕೊಟ್ಟಿದ್ದರಿಂದ ಚೀಸು, ಕಂಪ್ಯೂಟರು ಎರಡೂ ಈ ಗುಡಿಸಲಿಗೆ ಗಡೀಪಾರಾಗಿದ್ದವು. ಒತಾಕರ ಗೇಟು ತೆರೆದಾಗ ಎಪ್ಪತ್ತೊಂಬತ್ತರ ಮೇಷ್ಟ್ರು ಮರದ ಕೆಳಗೆ ಬಗ್ಗಿ ಅಕ್ರೋಟು ಆರಿಸುತ್ತಿದ್ದರು. ಹಸಿರು ಸಿಪ್ಪೆಯ ಕಲೆಯಿಂದ ಅವರ ಬೆರಳು ಕಪ್ಪಾಗಿದ್ದವು. “ಬಂದೆಯಾ? ಗಾಳಿ ಆ ಕಡೆಯಿಂದ ಬೀಸ್ತಿತ್ತು, ನೀನು ಹಳಿ ದಾಟಿದಾಗಲೇ ಗೊತ್ತಾಯ್ತು.” “ಮೇಷ್ಟ್ರೇ, ನಿಮಗೊಂದು ವಿಷಯ...” “ಮೊದಲು ಬಗ್ಗು. ಆ ಬೇಲಿ ಹತ್ತಿರ ಬಿದ್ದಿರೋದು ನನ್ನ ಸೊಂಟಕ್ಕೆ ನಿಲುಕಲ್ಲ.” ಅವನು ಬಗ್ಗಿದ. ಬಗ್ಗಿಕೊಂಡು ಹೇಳುವ ವಿಷಯವಲ್ಲ ಎಂದು ಸಮಾಧಾನ ಮಾಡಿಕೊಂಡ. ಬುಟ್ಟಿ ತುಂಬಿದ ಮೇಲೆ ನಿಂತು ಹೇಳಬಹುದಿತ್ತು. ಅಷ್ಟರಲ್ಲಿ ಮೇಷ್ಟ್ರು ಸ್ಲಿವೊವಿತ್ಸೆ ಎಂಬ ಪ್ಲಮ್ ಹಣ್ಣಿನ ಸಾರಾಯಿಯ ಬಾಟಲಿ ತಂದರು. ಕುಡಿಯುವ ಮೊದಲು ಹೇಳಿದರೆ ಕುಡಿತದ ರುಚಿ ಕೆಡುತ್ತದೆ, ಕುಡಿದ ಮೇಲೆ ಹೇಳಿದರೆ ಕುಡಿದು ಹೇಳಿದ ಹಾಗಾಗುತ್ತದೆ. ಜೇಬಿನಲ್ಲಿ ಫೋನು ನಡುಗಿತು. ಯಾರ್ಮಿಲಾ: ಹೇಳಿದೆಯಾ? ಅವನು ಫೋನನ್ನು ಮತ್ತೆ ಜೇಬಿಗೆ ತಳ್ಳಿದ. ಬೆರಳ ಕಪ್ಪು ಫೋನಿನ ಗಾಜಿಗೂ ಅಂಟಿತ್ತು.

“ಏನೋ ಹೇಳ್ತಾ ಇದ್ದೆಯಲ್ಲ,” ಎಂದರು ಮೇಷ್ಟ್ರು. “ಏನಿಲ್ಲ ಮೇಷ್ಟ್ರೇ, ಯಾವಾಗ ಹಾಕೋಣ ಅಂತ, ಹೊಸದು.” “ಹಾಕೋದೇನು, ನೀನು ಬರೋ ಹೊತ್ತಿಗೆ ಆಗಲಿ ಅಂತ ಆಗಲೇ ಶುರು ಮಾಡ್ಬಿಟ್ಟೆ. ಒಳಗೆ ಓಡ್ತಾ ಇದೆ ನೋಡು.” ಒತಾಕರ ಗುಡಿಸಲಿಗೆ ನುಗ್ಗಿದ. ಮೇಜಿನ ಮೇಲೆ, ಈರುಳ್ಳಿ ಜಡೆಗಳ ಪಕ್ಕದಲ್ಲಿ, ಬೂದು ಪೆಟ್ಟಿಗೆ ಗುರುಗುಡುತ್ತಿತ್ತು. ಪರದೆಯ ಮೇಲಿನ ನೀಲಿ ಪಟ್ಟಿ ನೂರಕ್ಕೆ ಎಂಬತ್ತೊಂದು. ಎಂಬತ್ತೊಂದರಲ್ಲಿ ಹೇಳಬೇಕು. ಎಂಬತ್ನಾಲ್ಕರಲ್ಲಿ ಮೇಷ್ಟ್ರು ಸ್ಟೂಲು ಎಳೆದು ಪಕ್ಕದಲ್ಲಿ ಕೂತರು, ಪೊಟ್ಟಣ ಬಿಚ್ಚಿ ಚೀಸನ್ನು ರೊಟ್ಟಿಯ ಮೇಲಿಟ್ಟು ಈರುಳ್ಳಿ ಹೆಚ್ಚತೊಡಗಿದರು. ಈ ಬೆನ್ನು, ಈ ಕತ್ತು, ಶಾಲೆಯ ಕರಿಹಲಗೆಯ ಮುಂದೆ ನಿಂತದ್ದು ಅವನಿಗೆ ನಿನ್ನೆ ಮೊನ್ನೆಯಂತೆ ಇತ್ತು. ಎರಡನೇ ಬೆಂಚು, ಚಳಿಗಾಲ, ಸೀಮೆಸುಣ್ಣ ಅವನ ಕೈಯಲ್ಲಿ. ಸಮೀಕರಣ ಬಿಡಿಸಿ, ಎಕ್ಸ್ ಸಮ ಏಳು ಎಂದು ಬರೆದು, ಎರಡು ಗೆರೆ ಎಳೆದು, ಇಡೀ ತರಗತಿಯತ್ತ ತಿರುಗಿ ನಿಂತಿದ್ದ. “ತಾಳೆ?” ಎಂದಿದ್ದರು ಮೇಷ್ಟ್ರು. ಬಂದ ಉತ್ತರವನ್ನು ಮತ್ತೆ ಸಮೀಕರಣಕ್ಕೆ ಹಾಕಿ ಎರಡೂ ಕಡೆ ಸಮವಾಯಿತೆಂದು ತೋರಿಸುವ ಕೊನೆಯ ಸಾಲು. ಅವನು ಅದನ್ನು ಬರೆದೇ ಇರಲಿಲ್ಲ, ಯಾವತ್ತೂ ಬರೆಯುತ್ತಿರಲಿಲ್ಲ. ಹಾಕಿ ನೋಡಿದರೆ ಒಂದು ಕಡೆ ಹದಿನಾರು, ಇನ್ನೊಂದು ಕಡೆ ಮೂವತ್ತು ಬಂತು. ತರಗತಿ ಬೆಂಚು ತಟ್ಟಿ ನಕ್ಕಿತು. ಮೇಷ್ಟ್ರು ನಗದೆ, “ಇವನಿಗೆ ಉತ್ತರ ಬಂದರೆ ಸಾಕು, ನಿಜವಾಗೋದು ಬೇಡ,” ಎಂದಿದ್ದರು. ತೊಂಬತ್ತಾರು. ತೊಂಬತ್ತೆಂಟು. “ಮೇಷ್ಟ್ರೇ,” ಎಂದ ಒತಾಕರ. “ಏನು?” “ಈರುಳ್ಳಿ ಸ್ವಲ್ಪ ಜಾಸ್ತಿ ಹಾಕಿ.”

ಪಟ್ಟಿ ತುಂಬಿತು. ಯಂತ್ರ ಆರಿ ಮತ್ತೆ ಹತ್ತಿಕೊಂಡಿತು. ಮೇಷ್ಟ್ರು ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು ಎರಡು ತೋರುಬೆರಳು ಎತ್ತಿ ಹಿಡಿದು ಕಾದರು. ಒತಾಕರ ಕಣ್ಣು ಮುಚ್ಚಿದ. ಏನೂ ಕೇಳಿಸಲಿಲ್ಲ. ಕಣ್ಣು ತೆರೆದರೆ ಕಪ್ಪು ಪರದೆ, ಮೇಲೆ ಒಂದು ಬಿಳಿ ಸಾಲು: ಡಿಸ್ಕ್ ಸಿಗುತ್ತಿಲ್ಲ. ಯಂತ್ರ ಎದ್ದೇ ಇರಲಿಲ್ಲ. ಅವನ ಎದೆಯಲ್ಲಿ ಮೊದಲು ಹಾದುಹೋದದ್ದು, ನಾಚಿಕೆಗೇಡು, ಸಂತೋಷ. ಯಂತ್ರ ಏಳದಿದ್ದರೆ ಹಾಜರಿ ಕೇಳುವವರಾರು? ಆಮೇಲೆ ನೆನಪಾಯಿತು. ಡಿಸ್ಕಿನ ಮಾಡ್ಯೂಲನ್ನು ಎತ್ತಿ ತರಬೇಕಾದದ್ದು ಅವನದೇ ಸಲಕರಣೆ. ಅವನು ಕೀಬೋರ್ಡು ಕಸಿದುಕೊಂಡು ಒಂದೊಂದೇ ತಡಕಿದ. ಮಾಡ್ಯೂಲು ಇತ್ತು. ಜಾಗ ಉಳಿಸಲೆಂದು ಎಲ್ಲ ಮಾಡ್ಯೂಲುಗಳನ್ನು ಅಮುಕಿ ಗಂಟು ಕಟ್ಟಿಡುವ ಪದ್ಧತಿ ಹನ್ನೊಂದು ವರ್ಷದ ಹಿಂದೆ ಬಂದದ್ದು. ಗಂಟು ಬಿಚ್ಚಲು ಅವನ ಸಲಕರಣೆ ಬೇರೊಂದು ಪುಟ್ಟ ಪ್ರೋಗ್ರಾಮನ್ನು ಕರೆಯುತ್ತಿತ್ತು. ಆ ಬಿಚ್ಚುವ ಪ್ರೋಗ್ರಾಮೇ ಯಂತ್ರದಲ್ಲಿರಲಿಲ್ಲ. “ಅದು ಹೇಗೆ ಇಲ್ಲ,” ಎಂದು ಅವನು ಗಟ್ಟಿಯಾಗಿಯೇ ಅಂದ. “ಎಲ್ಲಾ ಯಂತ್ರದಲ್ಲೂ ಇರುತ್ತೆ. ನನ್ನ ಯಂತ್ರದಲ್ಲಿ ಹನ್ನೊಂದು ವರ್ಷದಿಂದ ಇದೆ.”

“ನಿನ್ನ ಯಂತ್ರ ಹೊಸದಾಗಿ ಹುಟ್ಟಿ ಎಷ್ಟು ವರ್ಷ ಆಯ್ತು?” ಎಂದರು ಮೇಷ್ಟ್ರು, ಬಾಯಿ ತುಂಬ ರೊಟ್ಟಿ. ಹದಿನಾಲ್ಕು. ಹದಿನಾಲ್ಕು ವರ್ಷ ಒಮ್ಮೆಯೂ ಒರೆಸದೆ ನಡೆಸಿಕೊಂಡು ಬಂದದ್ದನ್ನು ಅವನು ಕಂಡಕಂಡವರಲ್ಲಿ ಕೊಚ್ಚಿಕೊಂಡಿದ್ದ. ಬಳಗದವರೆಲ್ಲರೂ ಹಾಗೆಯೇ, ಹೊಸದಾಗಿ ಹಾಕುವುದು ಅರಿಯದವರ ಕೆಲಸ ಎಂಬುದು ಅವರ ಜಾತಿಯ ನಂಬಿಕೆ. “ನಿನ್ನ ಚೀಟಿ ತೆಗೆದು ನೋಡು. ಬಿಚ್ಚೋದು ಬೇಕು ಅಂತ ಎಲ್ಲಿ ಬರೆದಿದೀಯ ತೋರ್ಸು.” ಅವನು ಚೀಲದಿಂದ ತನ್ನ ಲ್ಯಾಪ್‌ಟಾಪ್ ತೆಗೆದು ನೋಡಿದ. ಹನ್ನೆರಡು ‘ಬೇಕು’ ಸಾಲುಗಳಿದ್ದವು, ಅದೊಂದು ಇರಲಿಲ್ಲ. ಎಂದೂ ಇರಲಿಲ್ಲ. “ಹಾಗಾದ್ರೆ ಇಷ್ಟು ದಿನ ಎಲ್ಲಿಂದ ಬರ್ತಿತ್ತು ಇದು?” ಮೇಷ್ಟ್ರು ಚಾಕುವಿನ ತುದಿಯಿಂದ ಚೀಸಿನ ಇನ್ನೊಂದು ಬಿಲ್ಲೆ ಎತ್ತಿಕೊಂಡರು. ಒತಾಕರನಿಗೆ ಏನೋ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು. ಬೆರಳು ತಾನಾಗಿ ಹಾಜರಿಯ ಚೀಟಿಯನ್ನು ತೆರೆಯಿತು. ಅದರಲ್ಲಿದ್ದದ್ದು ಒಂದೇ ಒಂದು ‘ಬೇಕು’. ಗಂಟು ಬಿಚ್ಚುವ ಪ್ರೋಗ್ರಾಂ. ಹಾಜರಿ ಹೋದಲ್ಲೆಲ್ಲ ಅದೂ ಹಿಂದೆಯೇ ಹೋಗಿತ್ತು; ಹಳೆಯ ಯಂತ್ರದಲ್ಲಿ ಹಾಜರಿಯನ್ನು ತೆಗೆದರೂ ಅದು ಉಳಿಯುತ್ತಿತ್ತು, ಒರೆಸಿ ಹೊಸದಾಗಿ ಹಾಕಿದಲ್ಲಿ ಬರುತ್ತಲೇ ಇರಲಿಲ್ಲ. ಯಾವ ಗಂಟನ್ನೂ ಬಿಚ್ಚದ, ಬರಿದೇ ಹೆಸರು ಕೂಗುವ ಹಾಜರಿಗೆ ಅದು ಯಾಕೆ ಬೇಕು? ಬರೆದ ದಿನಾಂಕ ನೋಡಿದ. ಅವನು ಸುಳ್ಳು ಸಾಲು ಬರೆದ ಭಾನುವಾರದ ಮುಂದಿನ ಶುಕ್ರವಾರ.

“ನಿನ್ನದನ್ನ ಅವತ್ತೇ ಹೊಸದಾಗಿ ಹಾಕಿ ನೋಡಿದೆ ಕಣೋ,” ಎಂದರು ಮೇಷ್ಟ್ರು. “ಏಳಲಿಲ್ಲ. ನೋಡಿದ್ರೆ ಕೊನೇ ಸಾಲು ಬರೆದಿಲ್ಲ. ಹದಿನೈದನೇ ವಯಸ್ಸಿನಲ್ಲಿ ಬರೆದೋನಲ್ಲ, ಆಮೇಲೆಲ್ಲಿ ಬರೀತೀಯ.”

“ನನಗೆ ಹೇಳಬಹುದಿತ್ತಲ್ಲ ಮೇಷ್ಟ್ರೇ.”

“ಹೇಗೋ ಹೇಳೋದು? ನಿನ್ನ ಚೀಟೀಲಿ ತಪ್ಪಿದೆ ಅಂತ ಹೇಳಿದ್ರೆ, ಅದೇ ಚೀಟೀಲಿ ನನ್ನ ಹೆಸರು ಯಾಕಿದೆ ಅಂತ ನಾನು ಕೇಳಬೇಕಾಗ್ತಿತ್ತು. ನೀನು ಅತ್ತುಬಿಡ್ತಿದ್ದೆ. ಅದಕ್ಕೆ ಅದನ್ನ ನನ್ನ ಚೀಟಿಗೆ ಹಾಕ್ಕೊಂಡೆ. ಹೇಗೂ ನನ್ನನ್ನ ಎಲ್ಲರ ಮನೆಗೆ ಹೊತ್ತುಕೊಂಡು ಹೋಗ್ತಿದ್ದೆಯಲ್ಲ, ನಿನ್ನ ಸಾಮಾನು ನನ್ನ ಜೇಬಲ್ಲಿರಲಿ ಅಂತ.”

ಒತಾಕರ ಸ್ಟೂಲಿನ ಮೇಲೆ ಕೂತ. ಹನ್ನೊಂದು ವರ್ಷ ಒಳಗೊಳಗೇ ಮುಟ್ಟಿ ನೋಡಿಕೊಂಡ ಸಾಲು. ಕಚೇರಿಯ ಬೈಗುಳ, ಷಡ್ಡಕನ ಕಾರು, ಪ್ರತಿಯೊಂದರ ಮೇಲೂ ಅವನು ಹಚ್ಚಿಕೊಂಡ ಆ ಔದಾರ್ಯದ ಮುಲಾಮು. ಅಷ್ಟೂ ಕಾಲ ಮುದುಕನನ್ನು ತಾನು ಹೊತ್ತಿದ್ದೇನೆಂದು ಬೀಗುತ್ತಿದ್ದಾಗ, ಲಿಸ್ಬನ್ನಿನಲ್ಲಿ, ಲಾಟ್ವಿಯಾದಲ್ಲಿ, ನಲವತ್ತು ಸಾವಿರ ಯಂತ್ರಗಳನ್ನು ಪ್ರತಿ ಬೆಳಿಗ್ಗೆ ಎಬ್ಬಿಸುತ್ತಿದ್ದದ್ದು ಯಾರಿಗೂ ಬೇಡದ ಹಾಜರಿ. ನಲವತ್ತು ಸಾವಿರ ಎಂದು ಮೇಷ್ಟ್ರು ಹಲ್ಲಿನ ಡಾಕ್ಟರಿಗೆ ಹೇಳಿದ್ದು ಬಡಾಯಿಯಾಗಿರಲಿಲ್ಲ, ಲೆಕ್ಕವಾಗಿತ್ತು. ತಾನು ನಗು ನುಂಗಿದ ಒಂದೊಂದು ಸಂದರ್ಭವೂ ಈಗ ಎದ್ದು ನಿಂತು ಅವನನ್ನೇ ನೋಡಿ ನಕ್ಕಿತು. ಅವನಿಗೆ ಮೇಷ್ಟ್ರ ಮೇಲೆ ಸಿಟ್ಟು ಬಂತು. ಕರುಣೆ ತೋರಿಸಲು ತನಗಿದ್ದವರು ಇವರೊಬ್ಬರೇ, ಅದನ್ನೂ ಕಿತ್ತುಕೊಂಡರಲ್ಲ ಎನಿಸಿತು. ಹಾಗೆನಿಸಿದ್ದಕ್ಕೆ ಮತ್ತೆ ನಾಚಿಕೆಯಾಯಿತು.

“ಮತ್ತೆ ನಿನ್ನೆಯೇ ಹೇಳಬೇಕಿತ್ತು ನೀವು,” ಎಂದ. “ರಾಲಿಟ್ಸಾ ತೆಗೆದದ್ದು ನಿಮಗೆ ಗೊತ್ತಿತ್ತು. ಓದೋದು ಬಿಟ್ಟೆ ಅಂದ್ರೂ ಬಳಗ ಓದ್ತಾ ಇದೀರಿ.”

“ದಿನಾ ಬೆಳಿಗ್ಗೆ, ಕಾಫಿ ಜೊತೆ.” ಮೇಷ್ಟ್ರು ಚಾಕು ಕೆಳಗಿಟ್ಟರು. “ಹೌದು, ಹೇಳಬಹುದಿತ್ತು. ಗುರುವಾರ ಬರೆಯಕ್ಕೆ ಕೂತೂ ಇದ್ದೆ. ಕೋಪ ಬಂದಿತ್ತು ಕಣೋ. ಉಳಿಕೆ ಅಂದ್ಬಿಟ್ಟೆಯಲ್ಲ. ಹಳೇ ಕಾಲದ ಉಳಿಕೆ. ಅರವತ್ತು ಜನರ ಮುಂದೆ.” ಅವರ ದನಿ ಸಣ್ಣದಾಯಿತು. “ಒಡೀಲಿ, ಇವನೇ ಬಂದು ನೋಡಲಿ ಅನ್ನಿಸ್ತು. ಎಂಬತ್ತಕ್ಕೆ ಬಂದ್ರೂ ಬುದ್ಧಿ ಬಂದಿಲ್ಲ ನನಗೆ.”

ಕ್ಷಮಿಸಿ ಮೇಷ್ಟ್ರೇ ಎಂಬ ಮಾತು ಒತಾಕರನ ಹಲ್ಲಿನ ತನಕ ಬಂದಿತ್ತು. ಅಷ್ಟರಲ್ಲಿ ಫೋನು ನಡುಗಿತು, ಮತ್ತೆ ನಡುಗಿತು, ನಿಲ್ಲಲೇ ಇಲ್ಲ. ಯಾರ್ಮಿಲಾ ಅಲ್ಲ, ಬಳಗ. ಶನಿವಾರವೆಂದು ಬಿಡುವಾಗಿ ಹೊಸದಾಗಿ ಹಾಕಿಕೊಂಡವರೆಲ್ಲರ ಯಂತ್ರಗಳೂ ಡಿಸ್ಕ್ ಸಿಗುತ್ತಿಲ್ಲ ಎನ್ನುತ್ತಿದ್ದವು. ಲಿಸ್ಬನ್ನಿನವನೊಬ್ಬ ಬರೆದಿದ್ದ: “ಹೊಸಬರ ಕೈಗೆ ಪೊರಕೆ ಕೊಟ್ಟರೆ ಮನೆಯೇ ಗುಡಿಸಿ ಹೋಗುತ್ತೆ.” ಅದರ ಕೆಳಗೆ ರಾಲಿಟ್ಸಾ: “ತಪ್ಪು ನನ್ನದೇ. ನಾನು ತೆಗೆದದ್ದು ಒಂದೇ ಸಾಲು, ಅದರಿಂದ ಹೇಗೆ ಒಡೆಯಿತೋ ಇನ್ನೂ ಅರ್ಥವಾಗಿಲ್ಲ. ಎಲ್ಲರೂ ಕ್ಷಮಿಸಿ. ಬೇಕಿದ್ದರೆ ನನ್ನ ಕೀಲಿ ವಾಪಸ್ ತಗೊಳ್ಳಿ.” ಕೀಲಿ ಎಂದರೆ ಪ್ಯಾಕೇಜು ಮುಟ್ಟುವ ಹಕ್ಕು, ಅದಿಲ್ಲದವರು ಬಳಗದಲ್ಲಿ ಬರೀ ಓದುಗರು. ಒತಾಕರ ಲ್ಯಾಪ್‌ಟಾಪಿಗೆ ತಿರುಗಿ ತನ್ನ ಚೀಟಿಯಲ್ಲಿ ಹನ್ನೊಂದು ವರ್ಷ ತಡವಾದ ಸಾಲನ್ನು ಬರೆದ. ಬರೆಯಲು ನಾಲ್ಕು ಸೆಕೆಂಡು ಹಿಡಿಯಿತು. ಕೆಳಗೆ, ಏನು ಬದಲಾಯಿತು, ಯಾಕೆ ಎಂದು ಹೇಳುವ ಖಾಲಿ ಜಾಗದಲ್ಲಿ, ‘ಬಿಟ್ಟುಹೋದ ಬೇಕು ಸೇರಿಸಿದೆ’ ಎಂದು ಬರೆದು ನಿಲ್ಲಿಸಿದ. ಸುಳ್ಳಲ್ಲ. ಯಾರು ಬಿಟ್ಟದ್ದೆಂದು ಯಾರೂ ಕೇಳುವುದಿಲ್ಲ. ರಾಲಿಟ್ಸಾ ಈಗಾಗಲೇ ಒಪ್ಪಿಕೊಂಡಾಗಿದೆ. ಎರಡು ದಿನ ಬೈದು ಮರೆಯುತ್ತಾರೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಓರೆಗಣ್ಣಲ್ಲಿ ನೋಡಿದ. ಮೇಷ್ಟ್ರು ಪರದೆಯ ಕಡೆ ನೋಡುತ್ತಲೇ ಇರಲಿಲ್ಲ. ತಲೆ ತಗ್ಗಿಸಿ, ಉಗುರಿನ ಸಂದಿಯಿಂದ ಅಕ್ರೋಟಿನ ಕಪ್ಪನ್ನು ಚಾಕುವಿನಿಂದ ಕೆರೆಯುತ್ತಿದ್ದರು. ತಾಳೆ ಎಂದು ಅವರು ಕೇಳಿದ್ದರೆ ಸುಲಭವಿತ್ತು. ಅವರು ಕೇಳಲಿಲ್ಲ.

ಅವನು ಬೆರಳು ತೆಗೆದು ಮತ್ತೆ ಬರೆದ. ಎಲ್ಲವನ್ನೂ ಬರೆದ. ಹನ್ನೊಂದು ವರ್ಷದ ಹಿಂದೆ ಈ ಸಾಲು ಬರೆಯಲು ಮರೆತವನು ನಾನು. ಅದೇ ವಾರ, ಬೇಡದ ಇನ್ನೊಂದು ಸಾಲನ್ನು ಬೇಕೆಂದು ಬರೆದವನೂ ನಾನು. ನನ್ನ ಮರೆವನ್ನು ಹಾಜರಿಯ ಕರ್ತೃ ತಮ್ಮ ಚೀಟಿಯಲ್ಲಿ ಇಷ್ಟು ಕಾಲ ಹೊತ್ತರು. ಹೊಸದಾಗಿ ಹಾಕಿ ನೋಡದೆ ಏನೂ ಆಗಲ್ಲ ಎಂದದ್ದು ನಾನು, ಉಳಿಕೆ ಎಂದದ್ದೂ ನಾನೇ. ರಾಲಿಟ್ಸಾ ಕೇಳಿದ ಪ್ರಶ್ನೆ ಸರಿಯಾಗಿತ್ತು. ಅವಳ ಕೀಲಿ ಮುಟ್ಟಬೇಡಿ, ನನ್ನದು ಬೇಕಾದರೆ ತಗೊಳ್ಳಿ. ಕಳಿಸಿದ. ಎರಡು ನಿಮಿಷದಲ್ಲಿ ರಾಲಿಟ್ಸಾಳ ಉತ್ತರ ಬಂತು: “ಅಂದರೆ ಪ್ರೇಮ ಪ್ರಸಂಗವೇ.” “ಏನು ಬರೆದೆ?” ಎಂದರು ಮೇಷ್ಟ್ರು. “ನಾಳೆ ಕಾಫಿ ಜೊತೆ ಓದಿ.” “ಹಾಜರಿ ವಾಪಸ್ ಸೇರಿಸಿದೆಯೇನೋ?” “ಸೇರಿಸಲಾ?” ಮೇಷ್ಟ್ರು ಉಗುರು ಕೆರೆದ ಚಾಕುವನ್ನು ಕಾಗದಕ್ಕೆ ಒರೆಸಿದರು. “ಬೇಡ. ಈಗ ನಿನ್ನ ಸಾಮಾನು ನಿನ್ನ ಜೇಬಿಗೆ ಬಂತಲ್ಲ. ಇನ್ನು ಅದು ಯಾವ ಮುಖ ಹೊತ್ತು ಹೋಗುತ್ತೆ ಪರರ ಮನೆಗೆ. ನಡಿ, ಮೊದಲಿಂದ ಹಾಕು. ಪೂರ್ತಿ ಒರೆಸಿ ಹಾಕು, ತೇಪೆ ಬೇಡ.”

ಒತಾಕರ ಡಿಸ್ಕು ಒರೆಸಿ ಮೊದಲಿನಿಂದ ಹಾಕಿದ. ಹೊಸ ಚೀಟಿಯನ್ನು ಜಾಲದಿಂದ ಎಳೆದುಕೊಂಡು ನೀಲಿ ಪಟ್ಟಿ ನಿಧಾನವಾಗಿ ತುಂಬಿತು. ಇಬ್ಬರೂ ಉಳಿದ ಚೀಸನ್ನು ಹಂಚಿಕೊಂಡು ತಿಂದರು. ಗುರುವಾರದಿಂದ ಮೊದಲ ಸಲ ಅವನಿಗೆ ಹಸಿವಾಗಿತ್ತು. ಯಂತ್ರ ಆರಿತು, ಹತ್ತಿತು, ಡಿಸ್ಕು ಸಿಕ್ಕಿತು, ಎದ್ದಿತು. “ಸರಿ ಬಂತು ಮೇಷ್ಟ್ರೇ,” ಎಂದು ಒತಾಕರ ಹುಡುಗನಂತೆ ಕೂಗಿದ. “ಹ್ಞೂಂ,” ಎಂದರು ಮೇಷ್ಟ್ರು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು, ಎರಡು ತೋರುಬೆರಳಲ್ಲಿ, ಪ್ರತಿ ಸಲ ಹೊಡೆಯುವಂತೆ, ಹಾಜರಿ ಎಂದು ಹೊಡೆದರು. ಅಂಥ ಆಜ್ಞೆ ಇಲ್ಲ ಎಂದಿತು ಯಂತ್ರ.

ಮೇಷ್ಟ್ರು ಪರದೆಯನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಹಾಕಿಕೊಂಡು, ಈಗ ಒಂದೊಂದೇ ಅಕ್ಷರ ಹುಡುಕಿ, ಮೊದಲ ಸಲ ತಪ್ಪು ಹೊಡೆದಿದ್ದರೇನೋ ಎಂಬಂತೆ, ಮತ್ತೊಮ್ಮೆ ಹೊಡೆದರು. ಅಂಥ ಆಜ್ಞೆ ಇಲ್ಲ. ಎಲ್ಲ ಗೊತ್ತಿದ್ದ ಮನುಷ್ಯ, ತಾನೇ ಬೇಡವೆಂದ ಮನುಷ್ಯ. ಒತಾಕರ ಸ್ಟೂಲನ್ನು ಹತ್ತಿರ ಎಳೆದುಕೊಂಡ. “ಕೈಯಾರೆ ಹಾಕ್ಕೋಬಹುದು ಮೇಷ್ಟ್ರೇ, ಇನ್ನೂ ಜಾವೊರ್ ಸಂಗ್ರಹದಲ್ಲಿದೆ. ಒಂದು ನಿಮಿಷ, ನಾನೇ ಹಾಕಿಕೊಡ್ತೀನಿ.”

“ಗೊತ್ತು ಕಣೋ, ನನಗೇ ಬರುತ್ತೆ,” ಎಂದರು ಮೇಷ್ಟ್ರು, ತಿರುಗದೆ. “ಸುಮ್ನೆ ಅಭ್ಯಾಸ. ನೀನು ಹೋಗು, ಹೊರಗೆ ಇನ್ನೊಂದಿಷ್ಟು ಬಿದ್ದಿರುತ್ತೆ, ಆರಿಸಿಬಿಡು. ಯಾರ್ಮಿಲಾಗೂ ಒಂದು ಚೀಲ ತಗೊಂಡು ಹೋಗು.”

ಅವನು ಹೊರಗೆ ಬಂದು ಬೇಲಿಯ ಹತ್ತಿರ ಬಗ್ಗಿದ. ಬಿಸಿಲು ಈರುಳ್ಳಿ ಸಾಲಿನ ಮೇಲಿತ್ತು, ಹಳಿಯ ಮೇಲೆ ಪ್ರೆರೋವ್ ಕಡೆಯ ರೈಲು ಹೋಯಿತು. ಅದರ ಸದ್ದು ಅಡಗಿದ ಮೇಲೆ ಗುಡಿಸಲಿನೊಳಗಿಂದ ಎರಡು ಬೆರಳಿನ ಅದೇ ಸದ್ದು ಕೇಳಿಸಿತು, ಮೂರನೆಯ ಸಲ, ಬಹಳ ನಿಧಾನವಾಗಿ. ಆಮೇಲೆ ಏನೂ ಕೇಳಿಸಲಿಲ್ಲ. ಒತಾಕರನಿಗೆ ಅಳು ಬಂತು. ಕಪ್ಪು ಬೆರಳಿನಿಂದ ಕಣ್ಣು ಒರೆಸಿದರೆ ಮುಖವೆಲ್ಲ ಕಲೆಯಾಗುತ್ತದೆಂದು ಅವನು ಒರೆಸಿಕೊಳ್ಳದೆಯೇ ಅಕ್ರೋಟು ಆರಿಸಿದ.